ನೋಯದ ಗಂಟು



ರೋಗ ತಡೆಯುವುದು ಎಂದರೇನೆಂದು ಹೈದರಾಬಾದಿನ ನಾರಾಯಣಗೂಡದವರಿಗೆ ಹೇಳಿಕೊಡಬೇಕಾಗಿಲ್ಲ. ಪ್ರಿವೆಂಟಿವ್ ಮೆಡಿಸಿನ್ ಸಂಸ್ಥೆ ಇಲ್ಲೇ ಇದೆ. ನಾಯಿ ಕಚ್ಚಿದವರು ಅಲ್ಲಿಗೆ ಓಡುತ್ತಾರೆ, ಆಫ್ರಿಕಕ್ಕೆ ಹೊರಟವರು ಹಳದಿ ಜ್ವರದ ಲಸಿಕೆಗೆ ಅಲ್ಲಿಗೇ ಹೋಗುತ್ತಾರೆ. ಇಂದಿನ ವಿಷಯವಾದ ಸ್ತನ ಕ್ಯಾನ್ಸರಿಗೆ ಅಂಥ ಲಸಿಕೆ ಇಲ್ಲ. ಆದರೂ ಈ ದತ್ತಿ ಉಪನ್ಯಾಸದಲ್ಲಿ ‘ತಡೆ’ಯ ಮಾತು ಇರಲೇಬೇಕು ಎಂದು ದತ್ತಿ ಇಟ್ಟ ಮನೆತನದವರ ಷರತ್ತು. ಇರಲಿ, ಒಪ್ಪಿಕೊಂಡಿದ್ದೇನೆ.

ಈ ಊರಿಗೆ ಈ ವಿಷಯ ದೂರದ್ದಲ್ಲ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ 2020ರಲ್ಲಿ ಹೊರತಂದ ವರದಿಯಲ್ಲಿ ಸ್ತನ ಕ್ಯಾನ್ಸರಿನ ಪ್ರಮಾಣ ದೇಶದಲ್ಲೇ ಹೆಚ್ಚು ಕಂಡದ್ದು ಹೈದರಾಬಾದ್ ಜಿಲ್ಲೆಯಲ್ಲಿ: ವಯಸ್ಸಿನ ವ್ಯತ್ಯಾಸ ಸರಿದೂಗಿಸಿ ನೋಡಿದರೂ ಲಕ್ಷ ಹೆಣ್ಣುಮಕ್ಕಳಲ್ಲಿ ವರ್ಷಕ್ಕೆ 48. ಎರಡನೆಯದು ಚೆನ್ನೈ, ಸುಮಾರು 42. ಹಳ್ಳಿಗಾಡಿನಲ್ಲಿ ಇದು ಬಹಳ ಕಡಿಮೆ. ಪಟ್ಟಣದಲ್ಲಿ ಏನಾಗುತ್ತಿದೆ?

ನಾನು ಪೆಥಾಲಜಿಯವಳು. ರೋಗಿಯ ಮುಖಕ್ಕಿಂತ ಹೆಚ್ಚಾಗಿ ರೋಗಿಯ ದೇಹದ ಚೂರನ್ನು ನೋಡಿ ಬದುಕಿದವಳು. ಹಾಗಾಗಿ ಮೈಕ್ರೋಸ್ಕೋಪಿನಿಂದಲೇ ಶುರುಮಾಡುತ್ತೇನೆ. ಮೊಲೆತೊಟ್ಟಿನಿಂದ ಹಾಲಿನ ನಾಳಗಳು ಹದಿನೈದಿಪ್ಪತ್ತು ಕವಲಾಗಿ ಒಳಗೆ ಹೋಗುತ್ತವೆ. ಪ್ರತಿಯೊಂದೂ ಮತ್ತೆ ಕವಲೊಡೆದು, ಕೊನೆಯಲ್ಲಿ ಸಣ್ಣ ಸಣ್ಣ ಗೊಂಚಲಾಗಿ ಮುಗಿಯುತ್ತದೆ. ಸ್ಲೈಡಿನಲ್ಲಿ ಒಂದು ನಾಳವನ್ನು ಅಡ್ಡ ಕತ್ತರಿಸಿ ನೋಡಿದರೆ ಎರಡು ಪದರ ಜೀವಕೋಶ. ಒಳಗಿನದು ಹಾಲು ಮಾಡುವುದಕ್ಕೆ, ಹೊರಗಿನದು ಹಿಂಡುವುದಕ್ಕೆ. ಅದರಾಚೆ ತೆಳ್ಳನೆಯ ಒಂದು ಪೊರೆ. ಹೆಚ್ಚಿನ ಕ್ಯಾನ್ಸರುಗಳು ಹುಟ್ಟುವುದು ಆ ಕೊನೆಯ ಗೊಂಚಲಿನ ಬಳಿ, ಒಳಪದರದಲ್ಲಿ. ಪೊರೆಯೊಳಗೇ ಇರುವ ತನಕ ಅದು ಹತೋಟಿಗೆ ಸಿಗುವ ರೋಗ, ಪೂರ್ತಿ ತೆಗೆದುಹಾಕಿದರೆ ಬಹುಮಟ್ಟಿಗೆ ತೀರಿತು. ಪೊರೆ ದಾಟಿತೋ, ಕಂಕುಳಿನ ಗಂಟುಗಳಿಗೆ, ಮೂಳೆಗೆ, ಯಕೃತ್ತಿಗೆ ಹೋಗಲು ದಾರಿಯಾಯಿತು. ನಾನು ದಿನವಿಡೀ ನೋಡುತ್ತಿದ್ದದ್ದು ಇದೊಂದನ್ನೇ: ದಾಟಿದೆಯೇ, ದಾಟಿಲ್ಲವೇ?

ಮಿಕ್ಕ ಬಹಳಷ್ಟು ಅಂಗಗಳು ಹುಟ್ಟುವಾಗಲೇ ಬಹುಮಟ್ಟಿಗೆ ಪೂರ್ತಿಯಾಗಿರುತ್ತವೆ. ಸ್ತನ ಹಾಗಲ್ಲ. ಮೈನೆರೆದ ಮೇಲೆ ಬೆಳೆಯಲು ತೊಡಗಿ, ಮೊದಲ ಬಸಿರಿನ ತನಕವೂ ಅರೆಬರೆಯಾಗಿಯೇ ಇರುತ್ತದೆ. ತಿಂಗಳು ತಿಂಗಳೂ ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಏರಿದಾಗ ಈ ಜೀವಕೋಶಗಳು ಹೋಳಾಗಿ ಹೆಚ್ಚುತ್ತವೆ, ಮುಟ್ಟಾದಾಗ ಒಂದಷ್ಟು ಸಾಯುತ್ತವೆ. ಹೋಳಾಗುವಾಗಲೆಲ್ಲ ಡಿಎನ್‌ಎ ನಕಲಾಗಬೇಕು, ನಕಲಿನಲ್ಲಿ ತಪ್ಪು ನುಸುಳಬಹುದು. ಬಸಿರು, ಹಾಲೂಡಿಕೆ ಈ ಜೀವಕೋಶಗಳನ್ನು ಪಕ್ವಗೊಳಿಸುತ್ತವೆ, ಆಮೇಲೆ ಅವು ಸುಲಭವಾಗಿ ಹಾದಿ ತಪ್ಪುವುದಿಲ್ಲ.

ಇದರ ಸುಳಿವು ಹದಿನೆಂಟನೆಯ ಶತಮಾನದ ಆರಂಭದಲ್ಲೇ ಇಟಲಿಯ ವೈದ್ಯ ರಮಾಝಿನಿಗೆ ಸಿಕ್ಕಿತ್ತು. ಕ್ರೈಸ್ತ ಸನ್ಯಾಸಿನಿಯರಲ್ಲಿ ಈ ರೋಗ ಹೆಚ್ಚು ಎಂದು ಬರೆದ. 1926ರಲ್ಲಿ ಇಂಗ್ಲೆಂಡಿನ ಜ್ಯಾನೆಟ್ ಲೇನ್-ಕ್ಲೇಪನ್ ರೋಗ ಬಂದ 500 ಹೆಂಗಸರನ್ನೂ ಬಾರದ 500 ಮಂದಿಯನ್ನೂ ಹೋಲಿಸಿ ಬಸಿರಿಗೂ ಈ ರೋಗಕ್ಕೂ ಇರುವ ನಂಟನ್ನು ಲೆಕ್ಕದಲ್ಲಿ ತೋರಿಸಿದಳು. 1970ರ ಮ್ಯಾಕ್‌ಮೋಹನ್ ಅಧ್ಯಯನ ಇನ್ನೂ ಸ್ಪಷ್ಟ. ಹದಿನೆಂಟರೊಳಗೆ ಮೊದಲ ಹೆರಿಗೆಯಾದವರಿಗೆ ಇರುವ ಅಪಾಯ, ಮೂವತ್ತೈದರ ಮೇಲೆ ಆದವರದರ ಮೂರನೇ ಒಂದು ಪಾಲು ಮಾತ್ರ.

ಹಾಗೆಂದು ಹದಿನೆಂಟರೊಳಗೆ ಮದುವೆ ಮಾಡಿ ಎಂದು ನಾನೇನಾದರೂ ಹೇಳಿದರೆ ನನ್ನನ್ನು ಈ ವೇದಿಕೆಯಿಂದ ಕೆಳಗಿಳಿಸಿ. ಹುಡುಗಿಯರು ಓದಿದರು, ಕೆಲಸಕ್ಕೆ ಹೋದರು, ಬೇಕೆಂದಾಗ ತಾಯಿಯಾದರು. ಅದು ಒಳ್ಳೆಯದೇ ಆಯಿತು. ಹಿಂದೆ ಎಳವೆಯಲ್ಲಿ ಬಸಿರಾಗಿ ಸತ್ತವರ ಲೆಕ್ಕ ಯಾರೂ ಇಟ್ಟಿರಲಿಲ್ಲ ಅಷ್ಟೇ. ಕೈಯಲ್ಲಿರುವುದನ್ನು ಮಾಡೋಣ. ಒಂದು ವರ್ಷ ಹಾಲೂಡಿದರೆ ಅಪಾಯ ನೂರಕ್ಕೆ ನಾಲ್ಕರಷ್ಟು ತಗ್ಗುತ್ತದೆ. 2002ರಲ್ಲಿ ಮೂವತ್ತು ದೇಶಗಳ ಅಂಕಿಗಳನ್ನು ಒಟ್ಟುಮಾಡಿ ಕಂಡ ಲೆಕ್ಕವಿದು. ಮುಟ್ಟು ನಿಂತಮೇಲೆ ಕೊಬ್ಬೇ ಈಸ್ಟ್ರೋಜೆನ್ ತಯಾರಿಸುವುದರಿಂದ ಆ ವಯಸ್ಸಿನಲ್ಲಿ ಸೊಂಟದ ಸುತ್ತಳತೆಯ ಮೇಲೆ ಕಣ್ಣಿರಲಿ. ಮದ್ಯ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ತಾಯಿ, ಅಕ್ಕ, ಚಿಕ್ಕಮ್ಮ ಹೀಗೆ ಮನೆಯಲ್ಲಿ ಹಲವರಿಗೆ ಬಂದಿದ್ದರೆ ಬಿಆರ್‌ಸಿಎ ಜೀನ್ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಒಟ್ಟು ರೋಗಿಗಳಲ್ಲಿ ಆ ಜೀನಿನ ದೋಷ ಇರುವವರು ಹತ್ತರಲ್ಲಿ ಒಬ್ಬರಿರಬಹುದು, ಇಲ್ಲವೇ ಇನ್ನೂ ಕಡಿಮೆ.

ಇಷ್ಟೆಲ್ಲ ಮಾಡಿದವರಿಗೂ ಬರಬಹುದು. ಹಾಗಾಗಿ ತಡೆಯಬೇಕಾದದ್ದು ರೋಗಕ್ಕಿಂತ ಮೊದಲು ತಡವನ್ನು.

ಬೀದರದಿಂದ ಇಲ್ಲಿಗೆ ಸುಮಾರು 140 ಕಿಲೋಮೀಟರು, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಅದರ ನಾಲ್ಕೈದು ಪಟ್ಟು. 1956ರ ತನಕ ಒಂದೇ ಹೈದರಾಬಾದ್ ರಾಜ್ಯವಾಗಿದ್ದ ನೆನಪೂ ಇದೆಯಲ್ಲ, ಬೀದರ, ಕಲಬುರಗಿ, ರಾಯಚೂರು ಕಡೆಯವರು ಇಂದಿಗೂ ರೆಡ್ ಹಿಲ್ಸಿನ ಎಂಎನ್‌ಜೆ ಕ್ಯಾನ್ಸರ್ ದವಾಖಾನೆಗೆ ಬರುತ್ತಾರೆ. ಕಾಚಿಗೂಡದಲ್ಲಿ ಇಳಿದು, ಈ ಓಣಿಗಳಲ್ಲಿ ಇರುವ ನೆಂಟರ ಮನೆಗೆ ಮೊದಲು ಬರುತ್ತಾರೆ. ಹಾಗೆ ಬಂದ ಒಬ್ಬ ತಾಯಿಯನ್ನು ‘ಎಷ್ಟು ದಿನ ಆಯ್ತವ್ವಾ?’ ಅಂತ ಕೇಳಿದೆ. ‘ಹ್ವಾದ ಕಾರಹುಣ್ಣಿಮಿಗೆ ಕೈಗೆ ಹತ್ತಿತ್ರೀ. ನೋವಿಲ್ಲ ಏನಿಲ್ಲ. ಮಗಳ ಮದುವಿ ಮುಗೀಲಿ ಅಂತ ಸುಮ್ಮಕಿದ್ದೆ’ ಅಂದರು. ನೋವಿದ್ದಿದ್ದರೆ ಆ ತಾಯಿ ಮರುದಿನವೇ ಬರುತ್ತಿದ್ದರು. ಈ ರೋಗದ ದೊಡ್ಡ ಮೋಸ ಅದು. ಆರಂಭದ ಕ್ಯಾನ್ಸರ್ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ಹಲವರಿಗೆ ಮುಟ್ಟಿಗೆ ಮುಂಚೆ ಎದೆ ನೋಯುತ್ತದೆ, ಅದು ಬೇರೆ. ನೋಯದೆ ಗಟ್ಟಿಯಾಗಿರುವುದು, ಚರ್ಮ ಒಳಗೆಳೆದುಕೊಂಡದ್ದು, ತೊಟ್ಟು ಹೊಸದಾಗಿ ಒಳಸೇರಿದ್ದು, ರಕ್ತ ಬೆರೆತ ಸ್ರಾವ ಬಂದದ್ದು ಕಂಡರೆ ಕಾಯಬೇಡಿ. ಗಂಡಸರಿಗೂ ಹೇಳುತ್ತಿದ್ದೇನೆ. ಈ ರೋಗ ಬಂದ ನೂರರಲ್ಲಿ ಸುಮಾರು ಒಬ್ಬರು ನಿಮ್ಮವರೇ.

ತಿಂಗಳಿಗೊಮ್ಮೆ ಕನ್ನಡಿ ಮುಂದೆ ನಿಂತು ಪರೀಕ್ಷಿಸಿಕೊಳ್ಳಿ ಎಂಬ ಉಪದೇಶ ನೀವು ಸಾಕಷ್ಟು ಕೇಳಿದ್ದೀರಿ. ಶಾಂಘೈನಲ್ಲಿ ಎರಡು ಲಕ್ಷ ಅರವತ್ತಾರು ಸಾವಿರ ಹೆಂಗಸರ ಮೇಲೆ ಅದನ್ನು ಪರೀಕ್ಷಿಸಿದಾಗ ಸಾವು ಕಡಿಮೆಯಾಗಲಿಲ್ಲ. ತನ್ನ ಮೈ ತನಗೆ ಗೊತ್ತಿರಲಿ, ಅಷ್ಟು ಸಾಕು. ನನಗೆ ಹೆಚ್ಚು ಭರವಸೆ ಇರುವುದು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಪ್ರಯೋಗದ ಮೇಲೆ. 1998ರಲ್ಲಿ ಕೊಳೆಗೇರಿಗಳ ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಕೈಯಿಂದ ಪರೀಕ್ಷೆ ಮಾಡಿದರು. ಸ್ತನದ ಎಕ್ಸ್‌ರೇಯಾದ ಮ್ಯಾಮೋಗ್ರಾಂ ಇಲ್ಲ, ಡಾಕ್ಟರೂ ಇಲ್ಲ. 2021ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಐವತ್ತು ದಾಟಿದವರಲ್ಲಿ ಈ ರೋಗದ ಸಾವು ಸುಮಾರು ನೂರಕ್ಕೆ ಮೂವತ್ತರಷ್ಟು ಇಳಿದಿತ್ತು. ಐವತ್ತರ ಕೆಳಗಿನವರಲ್ಲಿ ಆ ಲಾಭ ಕಾಣಲಿಲ್ಲ, ಅದನ್ನೂ ಹೇಳಬೇಕು.

ಗಂಟು ಸಿಕ್ಕಮೇಲೆ ಮೂರು ಪರೀಕ್ಷೆ: ಕೈಯಿಂದ ಮುಟ್ಟಿ ನೋಡುವುದು, ಮ್ಯಾಮೋಗ್ರಾಂನಂಥ ಚಿತ್ರ, ಸೂಜಿಯಿಂದ ಚೂರು ತೆಗೆದು ನೋಡುವುದು. ಸೂಜಿ ಚುಚ್ಚಿದರೆ ಹರಡುತ್ತದೆ ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಓಡಾಡುತ್ತದೆ. ಸೂಜಿಗೆ ಹೆದರಿ ಕಳೆದ ತಿಂಗಳುಗಳಲ್ಲೇ ಅದು ಹರಡುವುದು. ಬಹಳಷ್ಟು ಗಂಟುಗಳು ಕ್ಯಾನ್ಸರ್ ಅಲ್ಲವೇ ಅಲ್ಲ ಎಂಬುದೂ ಸೂಜಿಯಿಂದಲೇ ತಿಳಿಯಬೇಕು.

ಕೊನೆಗೆ ನಮ್ಮ ಕಸುಬಿನ ಒಂದು ವಿಷಯ. ಊರಿನಲ್ಲಿ ಗಂಟು ತೆಗೆಸಿದರೆ ಅದನ್ನು ತಕ್ಷಣ ಫಾರ್ಮಾಲಿನ್‌ನಲ್ಲಿ ಹಾಕಿದ್ದಾರೆಯೇ ಕೇಳಿ. ಸಲೈನಿನಲ್ಲಿ ಅದ್ದಿ ಡಬ್ಬಿಯಲ್ಲಿ ಕಳಿಸಿದ ಚೂರುಗಳು ನನ್ನ ಮೇಜಿಗೆ ಬಂದಿವೆ. ಅಷ್ಟರಲ್ಲಿ ಕೆಟ್ಟುಹೋಗಿ, ಕ್ಯಾನ್ಸರ್ ಜೀವಕೋಶಗಳಲ್ಲಿ ಈಸ್ಟ್ರೋಜೆನ್ ಹಿಡಿದುಕೊಳ್ಳುವ ಗ್ರಾಹಕ ಇದೆಯೋ ಇಲ್ಲವೋ ಹೇಳಲಾಗದ ಸ್ಥಿತಿ. ಯಾವ ಔಷಧಿ ಎಂಬುದೇ ಆ ಉತ್ತರದ ಮೇಲೆ ನಿಂತಿರುತ್ತದೆ. ಇಲ್ಲಿಗೆ ಬರುವಾಗ ಬರೀ ರಿಪೋರ್ಟಿನ ಜೆರಾಕ್ಸ್ ತರಬೇಡಿ. ಲ್ಯಾಬಿನಲ್ಲಿ ಸ್ಲೈಡುಗಳನ್ನೂ ಚೂರನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಬರೆದುಕೊಟ್ಟು ಕೇಳಿ, ಕೊಡುತ್ತಾರೆ. ಬ್ಲಾಕು ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ಕರವಸ್ತ್ರದಲ್ಲಿ ಸುತ್ತಿ, ಬಿಸಿಲು ತಾಗದಂತೆ ತನ್ನಿ. ಮೇಣ ಕರಗುತ್ತದೆ.