ಬಿಟ್ಟಿ ಮಾತ್ರೆಗೆ ರೇಟು ಹಾಕಿದವರು ಯಾರು?



ವರಮಹಾಲಕ್ಷ್ಮಿ ಹಬ್ಬ, ನವರಾತ್ರಿ ಬಂತು ಅಂದ್ರೆ ನಮ್ಮ ಬೀದಿಗಳಲ್ಲಿ ಬ್ಲೌಸ್ ಪೀಸುಗಳು ಊರು ಸುತ್ತೋಕೆ ಹೊರಡ್ತವೆ. ಪಕ್ಕದ ಮನೆಯವರು ಅರಿಶಿನ ಕುಂಕುಮದ ಜೊತೆ ಕೊಟ್ಟಿದ್ದು ನಾಳೆ ನಮ್ಮ ಮನೆಗೆ ಬಂದವರ ಕೈಗೆ, ಅಲ್ಲಿಂದ ಇನ್ನೊಬ್ಬರ ಮನೆಗೆ. ಕೆಲವು ಸಲ ಸುತ್ತಿ ಸುತ್ತಿ ಮೊದಲು ಕೊಟ್ಟವರ ಕೈಗೇ ವಾಪಸ್ ಬಂದು ಸೇರೋದೂ ಉಂಟು! ಬ್ಯಾಂಕಿನವರು ಕೊಟ್ಟ ಡೈರಿ, ಟೀ ಪುಡಿ ಜೊತೆ ಫ್ರೀ ಬಂದ ಗಾಜಿನ ಲೋಟ, ಇವುಗಳ ಕಥೆಯೂ ಅಷ್ಟೇ. ಇದರಲ್ಲಿ ತಪ್ಪೇನಿದೆ? ನಾನೂ ಕೊಟ್ಟಿದ್ದೀನಿ, ನೀವೂ ಕೊಟ್ಟಿರ್ತೀರಿ. ಬಿಟ್ಟಿ ಬಂದಿದ್ದು ಬಿಟ್ಟಿಯಾಗೇ ಹೋಯ್ತು. ಯಾರ ಜೇಬಿಗೂ ಕತ್ತರಿ ಬೀಳಲಿಲ್ಲ.

ಆದರೆ ಬಿಟ್ಟಿ ಬಂದಿದ್ದಕ್ಕೆ ರೇಟು ಹಾಕಿ ಮಾರಿದರೆ? ಅದೂ ಅದು ನಿಮ್ಮ ತಾಯಿ ದಿನಾ ಬೆಳಿಗ್ಗೆ ನುಂಗುವ ಬಿಪಿ ಮಾತ್ರೆ ಆಗಿದ್ದರೆ?

ಕೆಲವು ತಿಂಗಳ ಹಿಂದೆ ಅಮ್ಮನ ಮಾತ್ರೆ ತರೋಕೆ ಒಂದು ಮೆಡಿಕಲ್ ಶಾಪಿಗೆ ಹೋಗಿದ್ದೆ. ಹತ್ತು ಮಾತ್ರೆ ಕೇಳಿದೆ. ಅಂಗಡಿಯವರು ಎರಡು ಮಾತ್ರೆ, ಮೂರು ಮಾತ್ರೆಯ ತುಂಡು ಸ್ಟ್ರಿಪ್‌ಗಳನ್ನು ಕವರಿಗೆ ಹಾಕಿ ಕೊಟ್ಟರು. ಬಿಲ್ ಕೇಳಿದೆ. "ಪ್ರಿಂಟರ್ ಕೆಟ್ಟಿದೆ ಸಾರ್, ಬೇಕಾದ್ರೆ ಹತ್ತು ರೂಪಾಯಿ ಕಮ್ಮಿ ಕೊಡಿ" ಅಂದರು. ಹತ್ತು ರೂಪಾಯಿ ಉಳೀತಲ್ಲ ಅಂತ ನಾನೂ ಸುಮ್ಮನೆ ಬಂದೆ. ಮನೆಗೆ ಬಂದು ನೋಡಿದರೆ ಒಂದು ತುಂಡಿನ ಅಂಚಿನಲ್ಲಿ ಇಂಗ್ಲಿಷಿನ ಅರ್ಧ ಸಾಲು ಉಳಿದುಕೊಂಡಿತ್ತು: 'ನಾಟ್ ಟು ಬಿ ಸೋಲ್ಡ್'. ಮಾರಾಟಕ್ಕಲ್ಲ! ಮಾರಾಟಕ್ಕಲ್ಲ ಅಂತ ಬರೆದಿದ್ದನ್ನೇ ನಾನು ದುಡ್ಡು ಕೊಟ್ಟು ತಂದಿದ್ದೆ.

ಏನಿದು? ಇದಕ್ಕೆ ಫಿಸಿಷಿಯನ್ಸ್ ಸ್ಯಾಂಪಲ್ ಅಂತಾರೆ. ಔಷಧ ಕಂಪನಿಯ ರೆಪ್‌ಗಳು ತಮ್ಮ ಮಾತ್ರೆಯ ಪ್ರಚಾರಕ್ಕೆ ಅಂತ ಡಾಕ್ಟರಿಗೆ ಉಚಿತವಾಗಿ ಕೊಡುವ ಸಣ್ಣ ಪೊಟ್ಟಣ. ಅದನ್ನು ಮೆಡಿಕಲ್ ಶಾಪಿನಲ್ಲಿ ಮಾರೋದಿರಲಿ, ಇಟ್ಟುಕೊಳ್ಳುವುದೂ ತಪ್ಪು. 1945ರ ಔಷಧ ನಿಯಮಗಳು ಇದನ್ನು ನಿಷೇಧಿಸಿವೆ. ಸರ್ಕಾರಿ ಆಸ್ಪತ್ರೆಗೆ ಅಂತ ಮುದ್ರೆ ಒತ್ತಿ ಬಂದ ಔಷಧಿಗೂ ಇದೇ ನಿಯಮ.

2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಔಷಧ ಕಂಪನಿಗಳಿಗೆ ಹೊಸ ಮಾರಾಟ ಸಂಹಿತೆ ತಂತು. ಒಬ್ಬ ಡಾಕ್ಟರಿಗೆ ಒಂದು ಔಷಧಿಯ ಸ್ಯಾಂಪಲ್ ಪ್ಯಾಕು ವರ್ಷಕ್ಕೆ 12ಕ್ಕಿಂತ ಹೆಚ್ಚು ಕೊಡುವಂತಿಲ್ಲ. ಕಂಪನಿ ವರ್ಷಕ್ಕೆ ಹಂಚುವ ಸ್ಯಾಂಪಲ್ಲಿನ ಮೌಲ್ಯ, ದೇಶದೊಳಗಿನ ಅದರ ಮಾರಾಟದ ಶೇಕಡಾ 2ನ್ನು ದಾಟುವಂತಿಲ್ಲ. ನಿದ್ದೆ ಮಾತ್ರೆಯ ಸ್ಯಾಂಪಲ್ ಕೊಡಲೇಬಾರದು. ಯಾರಿಗೆ, ಯಾವಾಗ, ಎಷ್ಟು ಕೊಟ್ಟೆವು ಅನ್ನುವ ಲೆಕ್ಕ ಇಡಬೇಕು. ಕಾಗದದ ಮೇಲೆ ಎಲ್ಲವೂ ಚೆಂದ. ಆದರೆ ಡಾಕ್ಟರ ಟೇಬಲ್ ತಲುಪಿದ ಮೇಲೆ ಆ ಪೊಟ್ಟಣ ಎಲ್ಲಿಗೆ ಹೋಯ್ತು, ಯಾರ ಹೊಟ್ಟೆ ಸೇರ್ತು? ಆ ಲೆಕ್ಕ ಕೇಳೋರು ಯಾರು?

ಎಲ್ಲ ಡಾಕ್ಟರೂ ಹೀಗೆ ಅಂತ ನಾನು ಹೇಳ್ತಿಲ್ಲ. ಡ್ರಾಯರ್ ಎಳೆದು, "ತಗೋಮ್ಮ, ಇದು ಐದು ದಿನಕ್ಕೆ ಆಗುತ್ತೆ, ಹೊರಗೆ ದುಡ್ಡು ಕೊಡಬೇಡ" ಅಂತ ಕೂಲಿ ಮಾಡುವ ಹೆಣ್ಣುಮಗಳ ಕೈಗೆ ಸ್ಯಾಂಪಲ್ ಇಟ್ಟ ಡಾಕ್ಟರುಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರಿಗೆ ಕೈ ಮುಗೀತೀನಿ. ಆ ಪೊಟ್ಟಣ ಸೇರಬೇಕಾದ ಜಾಗ ಅದೇ. ಹಾಗಾಗಿ ಯಾರೋ ಒಬ್ಬರು ಸ್ಯಾಂಪಲ್ಲನ್ನು ಚೀಲಕ್ಕೆ ತುಂಬಿ ಅಂಗಡಿಗೆ ಸಾಗಿಸಿದಾಗ, ಕಳೆದುಕೊಂಡವರು ಕಂಪನಿಯವರಲ್ಲ. ಕಳೆದುಕೊಂಡಿದ್ದು ಆ ಹೆಣ್ಣುಮಗಳು. ಅವಳಿಗೆ ಉಚಿತವಾಗಿ ಸಿಗಬೇಕಿದ್ದ ಮಾತ್ರೆಯನ್ನೇ ಅವಳು ಅದೇ ಬೀದಿಯ ಅಂಗಡಿಯಲ್ಲಿ ಕಾಸು ಕೊಟ್ಟು ಕೊಳ್ಳಬೇಕು. ಇದು ವ್ಯಾಪಾರನಾ? ಅಲ್ಲ ಸ್ವಾಮಿ, ಇದು ಬಡವರ ತಟ್ಟೆಗೆ ಕೈ ಹಾಕೋದು.

"ಮಾತ್ರೆ ಅದೇ ತಾನೇ, ಯಾರು ಮಾರಿದರೇನು?" ಅಂತ ಕೆಲವರು ಕೇಳಬಹುದು. ಅಲ್ಲೇ ಇರೋದು ಅಪಾಯ. ಎಷ್ಟೋ ಔಷಧಿಗಳ ಮೇಲೆ 25 ಅಥವಾ 30 ಡಿಗ್ರಿಗಿಂತ ಕಡಿಮೆ ಉಷ್ಣತೆಯಲ್ಲಿ ಇಡಿ ಅಂತ ಬರೆದಿರುತ್ತೆ. ಇನ್ಸುಲಿನ್ ಆದರೆ 2ರಿಂದ 8 ಡಿಗ್ರಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತೆ. ಬೈಕಿನ ಬ್ಯಾಗಿನಲ್ಲಿ, ಯಾವುದೋ ಗೋದಾಮಿನ ತಗಡಿನ ಸೂರಿನಡಿ ಬಿದ್ದಿದ್ದ ಮಾತ್ರೆಯಲ್ಲಿ ಎಷ್ಟು ಸತ್ವ ಉಳಿದಿರುತ್ತೆ? 'ಮಾರಾಟಕ್ಕಲ್ಲ' ಅನ್ನೋ ಅಕ್ಷರ ಕಾಣಬಾರದು ಅಂತ ಸ್ಟ್ರಿಪ್ ಕತ್ತರಿಸಿದಾಗ, ಥಿನ್ನರ್ ಹಚ್ಚಿ ಉಜ್ಜಿದಾಗ, ಅದರ ಜೊತೆಗೆ ಬ್ಯಾಚ್ ನಂಬರ್, ಎಕ್ಸ್‌ಪೈರಿ ತಾರೀಖೂ ಹೋಗಬಹುದು. ನಾಳೆ ಆ ಬ್ಯಾಚ್ ಸರಿಯಿಲ್ಲ, ವಾಪಸ್ ಕಳಿಸಿ ಅಂತ ಆದೇಶ ಬಂದರೆ ಹುಡುಕೋದು ಎಲ್ಲಿ? ಬಿಲ್ಲೇ ಇಲ್ಲವಲ್ಲ!

ಹಾಗಾದರೆ ನಾವೇನು ಮಾಡಬೇಕು? ಮೊದಲನೆಯದು, ಬಿಲ್ ಕೇಳಿ. ಬಿಲ್ಲಿನಲ್ಲಿರುವ ಬ್ಯಾಚ್ ನಂಬರೂ ಸ್ಟ್ರಿಪ್ ಮೇಲಿರುವ ನಂಬರೂ ಒಂದೇನಾ ನೋಡಿ. ಎರಡನೆಯದು, ಬೆಲೆಯಾಗಲಿ ತಾರೀಖಾಗಲಿ ಕಾಣದ ತುಂಡು ಮಾತ್ರೆ ಬೇಡ ಅನ್ನಿ. ಮೂರನೆಯದು, ಸ್ಯಾಂಪಲ್ ಮಾರ್ತಿದ್ದಾರೆ ಅನ್ನಿಸಿದರೆ ಆ ಸ್ಟ್ರಿಪ್ಪನ್ನು ಬಿಸಾಡಬೇಡಿ. ನಿಮ್ಮ ಜಿಲ್ಲೆಯ ಡ್ರಗ್ ಇನ್‌ಸ್ಪೆಕ್ಟರಿಗೆ ದೂರು ಕೊಡುವಾಗ ಅದೇ ಸಾಕ್ಷಿ.

ಇನ್ನು ಸರ್ಕಾರದವರಿಗೆ ಒಂದು ಮಾತು. ದಾಳಿ ಮಾಡಿ ಕೌಂಟರಿನಲ್ಲಿ ನಿಂತ ಹುಡುಗನನ್ನು ಹಿಡಿದುಕೊಂಡು ಹೋದರೆ ಕೆಲಸ ಮುಗಿಯಲ್ಲ. ಆ ಪೊಟ್ಟಣ ಯಾವ ಕಂಪನಿಯದು, ಯಾವ ರೆಪ್ ತಂದಿದ್ದು, ಯಾವ ಡಾಕ್ಟರ ಹೆಸರಲ್ಲಿ ಲೆಕ್ಕ ಬರೆದಿದ್ದು? ದಾಖಲೆ ಇಡಬೇಕು ಅಂತ ನೀವೇ ಹೇಳಿದ್ದೀರಲ್ಲ, ಆ ದಾಖಲೆ ತೆಗೆಸಿ ನೋಡಿ.

ಆವತ್ತು ಹತ್ತು ರೂಪಾಯಿಯ ಆಸೆಗೆ ಬಿಲ್ ಬಿಟ್ಟು ಬಂದವನು ನಾನೇ. ಆ ಅಂಗಡಿ ನಡೀತಿರೋದು ನನ್ನಂಥವರಿಂದಲೇ ಅನ್ನೋದನ್ನೂ ಒಪ್ಪಿಕೊಳ್ತೀನಿ. ಬ್ಲೌಸ್ ಪೀಸ್ ಎಷ್ಟು ಮನೆ ಬೇಕಾದರೂ ಸುತ್ತಲಿ, ಬಣ್ಣ ಹೋದರೆ ಹೋಗಲಿ. ಮಾತ್ರೆಯ ವಿಷಯದಲ್ಲಿ ಮಾತ್ರ ಹಾಗೆ ಬಿಡೋಕಾಗಲ್ಲ. ನಾಳೆ ಮೆಡಿಕಲ್ ಶಾಪಿಗೆ ಹೋದಾಗ ಬಿಲ್ ಕೇಳಿ.