ಶಾಲೆಯ ಮುಂದೊಂದು ಫುಟ್‌ಪಾತ್



ಇಲ್ಲಿ ಓದಿ, ಪುರಸಭೆಗಳಲ್ಲಿ ಎಂಜಿನಿಯರ್ ಆಗಿ ದುಡಿದವನು ನಾನು. ನಮ್ಮ ಊರುಗಳಲ್ಲಿ ಫುಟ್‌ಪಾತ್ ಎಂದರೆ ಚರಂಡಿ ಮೇಲಿನ ಚಪ್ಪಡಿ. ಒಂದು ಒಡೆದರೆ ಸಾಕು, ಮಕ್ಕಳು ಲಾರಿಗಳ ನಡುವೆ ರಸ್ತೆಗಿಳಿಯುತ್ತಾರೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ, ನಡೆಯಲು ಕನಿಷ್ಠ 1.8 ಮೀಟರ್ ಅಗಲ ತೆರವಾಗಿರಬೇಕು. ಕಂಬ, ಟ್ರಾನ್ಸ್‌ಫಾರ್ಮರ್ ನಿಂತ ಜಾಗ ಆ ಲೆಕ್ಕಕ್ಕೆ ಬಾರದು. ಸುರಕ್ಷಿತ ಫುಟ್‌ಪಾತ್ ಜೀವಿಸುವ ಹಕ್ಕಿನ ಭಾಗವೆಂದು 2025ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಹಣವಿಲ್ಲ ಎನ್ನುತ್ತಾರೆ. ಡಾಂಬರಿಗೆ ಹೇಗೋ ಇರುತ್ತದೆ! ರಸ್ತೆಯ ಅಂದಾಜುಪಟ್ಟಿಯಲ್ಲೇ ಫುಟ್‌ಪಾತ್ ಸೇರಬೇಕು; ‘ಆಮೇಲೆ ನೋಡೋಣ’ ಎಂದದ್ದು ಆದದ್ದನ್ನು ನಾನು ಕಂಡಿಲ್ಲ.

ಬಜೆಟ್ ಪೂರ್ವಭಾವಿ ಸಭೆಗೆ ವರ್ತಕರು ಬರುತ್ತಾರೆ, ಶಾಲೆಯವರು ಬರುವುದಿಲ್ಲ. ಎಸ್‌ಡಿಎಂಸಿಯವರು ಈ ಸಲ ಹೋಗಿ. ಎಷ್ಟು ಮಕ್ಕಳು ನಡೆದು ಬರುತ್ತಾರೆ, ಎಲ್ಲಿ ರಸ್ತೆ ದಾಟುತ್ತಾರೆ ಎಂಬುದನ್ನು ಎಣಿಸಿ, ನಕ್ಷೆ ಬರೆದು ಕೊಡಿ. ಕೊಟ್ಟ ಅರ್ಜಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.