ಪೆಟ್ಟು ಬಿದ್ದ ಕೆಲಸಗಾರರ ಪರವಾಗಿ



ಉಲ್ಹಾಸನಗರ, ಶಹಾಡ, ಅಂಬರನಾಥಗಳ ಕಾರಖಾನೆಗಳಲ್ಲಿ ದುಡಿಯುವವರು ನಮ್ಮಲ್ಲಿ ಅನೇಕರು. ವಿಮೆಗೆ ಒಳಪಟ್ಟ ಕೆಲಸಗಾರ ಯಂತ್ರಕ್ಕೆ ಸಿಕ್ಕಿ ಅಂಗ ಊನವಾದರೆ, ಅವನಿಗೆ ಬರತಕ್ಕ ಹಣ ಯಾರ ದಯೆಯೂ ಅಲ್ಲ, ಹಕ್ಕು. 1948ರ ಇ.ಎಸ್.ಐ. ಕಾಯಿದೆ ಕೊಟ್ಟ ಈ ಹಕ್ಕು 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ.

ಹಕ್ಕಿಗೆ ಕಾಗದದ ಆಧಾರ ಬೇಕು. ಪೆಟ್ಟು ಬಿದ್ದ ದಿನವೇ ಅಪಘಾತ ಪುಸ್ತಕದಲ್ಲಿ ಹೊತ್ತು, ಸ್ಥಳ, ಸಾಕ್ಷಿಗಳ ಹೆಸರು ಬರೆಯಿಸಬೇಕು. ವೈದ್ಯರ ಚೀಟಿಗಳನ್ನು ತೇದಿವಾರು ಜೋಡಿಸಿಡಬೇಕು.

ವೈದ್ಯಕೀಯ ಮಂಡಲಿ ಅಳೆಯುವುದು ನೋವನ್ನಲ್ಲ, ಗಳಿಕೆಯ ಶಕ್ತಿ ಎಷ್ಟು ಕುಂದಿತೆಂಬುದನ್ನು. ಹೆಬ್ಬೆರಳು ಪೂರ್ತಿ ಹೋದರೆ ಪಟ್ಟಿಯಲ್ಲಿ ಶೇಕಡಾ 30 ಎಂದಿದೆ. ಬೆರಳು ಉಳಿದು ಮಡಚಲು ಬಾರದಿದ್ದರೆ? ಆಗ "ಕೈ ನೋಯುತ್ತದೆ" ಎಂದರೆ ಸಾಲದು. "ಹೊಲಿಗೆ ಯಂತ್ರದಲ್ಲಿ ಬಟ್ಟೆ ಹಿಡಿಯಲಾರೆ" ಎನ್ನಬೇಕು. ನಮ್ಮವರು ಕನ್ನಡದಲ್ಲಿ ಪಟ್ಟ ಕಷ್ಟವನ್ನು ಹಿಂದಿಯಲ್ಲಿ ಅರ್ಧ ಹೇಳಿ ಬರುತ್ತಾರೆ. ಹಿಂದಿನ ದಿನವೇ ಅವರೊಡನೆ ಕುಳಿತು, ಕೇಳಿ, ಮರಾಠಿಯಲ್ಲಿ ಬರೆದುಕೊಡುವುದು ನಮ್ಮಿಂದಾಗುವ ಕೆಲಸ.

ಮಂಡಲಿಯ ಎಣಿಕೆ ಕಡಮೆಯೆನಿಸಿದರೆ ಅಲ್ಲಿಗೇ ಮುಗಿಯಲಿಲ್ಲ. ಗಡುವಿನೊಳಗೆ ವೈದ್ಯಕೀಯ ಮೇಲ್ಮನವಿ ನ್ಯಾಯಮಂಡಲಿಗೂ, ಮುಂದೆ ವಿಮಾ ನ್ಯಾಯಾಲಯಕ್ಕೂ ಹೋಗಬಹುದು. ನ್ಯಾಯಾಲಯದಲ್ಲಿ ಅವನ ಪರವಾಗಿ ವಕೀಲರು ಇಲ್ಲವೆ ನೋಂದಾಯಿತ ಕಾರ್ಮಿಕ ಸಂಘದ ಪದಾಧಿಕಾರಿ ನಿಲ್ಲಬಹುದು. ನ್ಯಾಯಾಲಯ ಒಪ್ಪಿದರೆ ಅವನು ಅಧಿಕಾರ ಬರೆದುಕೊಟ್ಟ ಬೇರೊಬ್ಬರೂ ನಿಲ್ಲಬಹುದು.

ಬಂಧುಗಳೇ, ವಾರಕ್ಕೊಂದು ಸಂಜೆ ಇಂಥ ಕಾಗದಗಳನ್ನು ನೋಡಿಕೊಡಲು ಬಲ್ಲವರಿಬ್ಬರು ಸಂಘದಲ್ಲಿ ಕುಳಿತರೆ ಒಂದು ಸಂಸಾರದ ಅನ್ನ ಉಳಿದೀತು.